ಹಳೆಯ ಇಮೇಜು, ಹೊಸ ಕಂಪ್ಯೂಟರು: ತೊಡಕು ಎಲ್ಲಿಂದ ಬಂತು?

ಮದರ್‌ಬೋರ್ಡ್ ಸುಟ್ಟುಹೋದ ಕಂಪ್ಯೂಟರಿನ ಇಮೇಜನ್ನು, ಅಂದರೆ ಅದರ ಇಡೀ ಡಿಸ್ಕಿನ ಪಡಿಯಚ್ಚನ್ನು, ಬೇರೊಂದು ಕಂಪ್ಯೂಟರಿಗೆ ಮೊದಲ ಬಾರಿ ಇಳಿಸಿದ ರಾತ್ರಿ ನನಗೆ ಇನ್ನೂ ನೆನಪಿದೆ. ವಿಂಡೋಸ್ 7ರ ಕಾಲ. ರಿಸ್ಟೋರ್ ಯಾವ ತಕರಾರೂ ಇಲ್ಲದೆ ನೂರಕ್ಕೆ ನೂರು ಮುಗಿಯಿತು. ಲಾಂಛನ ಮೂಡಿತು, ಅರೆಕ್ಷಣ ನೀಲಿ ಪರದೆ ಮಿಂಚಿತು, ಯಂತ್ರ ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ಲಾಂಛನ, ಮತ್ತೆ ನೀಲಿ. ಎಫ್8 ಒತ್ತಿ, ತಾನಾಗಿ ರೀಸ್ಟಾರ್ಟ್ ಆಗುವುದನ್ನು ತಡೆದ ಮೇಲೆಯೇ ಅದನ್ನು ಓದಲು ಸಾಧ್ಯವಾಗಿದ್ದು: ಸ್ಟಾಪ್ 0ಎಕ್ಸ್7ಬಿ. ಬೂಟ್ ಡಿಸ್ಕ್ ಎಟುಕುತ್ತಿಲ್ಲ ಎಂದು ಅದರ ಅರ್ಥ. ಕಡತವೊಂದೂ ಕಳೆದಿರಲಿಲ್ಲ. ಆದರೆ ತಾನು ಯಾವ ಡಿಸ್ಕಿನಿಂದ ಎದ್ದು ಬಂದಿತ್ತೋ ಅದೇ ಡಿಸ್ಕು ಆ ವಿಂಡೋಸಿಗೆ ಕಾಣುತ್ತಿರಲಿಲ್ಲ.

ಇದು ಹೇಗೆ ಎಂದು ಕೇಳಿದವರಿಗೆಲ್ಲ ನಾನು ಬೂಟ್ ಆಗುವ ಮೊದಲ ಕೆಲವು ಸೆಕೆಂಡುಗಳ ಕಥೆಯನ್ನೇ ಹೇಳುತ್ತೇನೆ. ಆ ಹೊತ್ತಿನಲ್ಲಿ ಡಿಸ್ಕನ್ನು ಓದಿಕೊಡುವುದು ಫರ್ಮ್‌ವೇರ್, ಅಂದರೆ ಮದರ್‌ಬೋರ್ಡಿನಲ್ಲೇ ಅಡಕವಾಗಿರುವ ತಂತ್ರಾಂಶ. ಅದರ ನೆರವಿನಿಂದ ಬೂಟ್ ಲೋಡರ್ ವಿಂಡೋಸಿನ ತಿರುಳಾದ ಕರ್ನಲನ್ನೂ ಬೂಟಿಗೆ ಬೇಕೇ ಬೇಕೆಂದು ಗುರುತು ಹಾಕಿರುವ ಕೆಲವೇ ಡ್ರೈವರುಗಳನ್ನೂ (ಹಾರ್ಡ್‌ವೇರನ್ನು ನಡೆಸುವ ತಂತ್ರಾಂಶ) ಮೆಮೊರಿಗೆ ತರುತ್ತದೆ. ಅಲ್ಲಿಗೆ ಡಿಸ್ಕಿನ ಮಟ್ಟಿಗೆ ಫರ್ಮ್‌ವೇರಿನ ಪಾತ್ರ ಮುಗಿಯಿತು; ಮಿಕ್ಕಿದ್ದನ್ನು ಕರ್ನಲ್ ತನ್ನ ಡ್ರೈವರುಗಳ ಮೂಲಕವೇ ಓದಿಕೊಳ್ಳಬೇಕು. ಡಿಸ್ಕನ್ನು ನಿಯಂತ್ರಿಸುವ ಹೊಸ ಕಂಟ್ರೋಲರಿನ ಡ್ರೈವರಿಗೆ ಆ ಗುರುತು ಬಿದ್ದಿರದಿದ್ದರೆ, ಅದು ಡಿಸ್ಕಿನಲ್ಲೇ ಇದ್ದರೂ ಕೈಗೆ ಸಿಗುವುದಿಲ್ಲ. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಬಿಟ್ಟು ಬೀಗ ಹಾಕಿದಂತೆ. ಇಮೇಜಿನೊಳಗೆ ಕಡತಗಳ ಜತೆಗೆ ಹಳೆಯ ಯಂತ್ರದ ನೆನಪೂ ಬಂದಿರುತ್ತದೆ. ತೊಡಕೆಲ್ಲ ಆ ನೆನಪಿನದು.

ಡಿಸ್ಕ್ ಇಮೇಜಿಂಗ್ ಹುಟ್ಟಿದ್ದು ಇಂಥ ಆಪತ್ತಿಗಾಗಿ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 1995ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮರ್ರೇ ಹ್ಯಾಜರ್ಡ್ ರೂಪಿಸಿದ ‘ಘೋಸ್ಟ್’ ಈ ಕೆಲಸವನ್ನು ಮನೆಮಾತಾಗಿಸಿತು; 1998ರಲ್ಲಿ ಅದನ್ನು ಸಿಮ್ಯಾಂಟೆಕ್ ಕೊಂಡಿತು. ಒಂದು ಯಂತ್ರವನ್ನು ಸಿದ್ಧಪಡಿಸಿ, ಅದರ ಪಡಿಯಚ್ಚನ್ನು ಅಂಥವೇ ಹತ್ತಾರು ಯಂತ್ರಗಳಿಗೆ ಒತ್ತುವುದು ಕಚೇರಿಗಳಿಗೂ ಪ್ರಯೋಗಾಲಯಗಳಿಗೂ ದೊಡ್ಡ ಅನುಕೂಲ. ಯಂತ್ರಗಳು ಒಂದೇ ಬಗೆಯವಾಗಿದ್ದರೆ ಹಳೆಯ ನೆನಪು ಅಡ್ಡ ಬರುವುದಿಲ್ಲ. ಅದೇ ಉಪಕರಣವನ್ನು ಜನ ಮುಂದೆ ಬ್ಯಾಕಪ್ ಎಂದು ನೆಚ್ಚಿಕೊಂಡರು. ಕಂಪ್ಯೂಟರ್ ಕೆಟ್ಟು ಬೇರೆ ಬಗೆಯದನ್ನು ತಂದ ದಿನ ಮಾತ್ರ ವ್ಯತ್ಯಾಸ ಕಣ್ಣಿಗೆ ರಾಚಿತು.

ವಿಂಡೋಸ್ 95, 98ರಲ್ಲಿ ಇದು ಅಷ್ಟು ಕಾಡಲಿಲ್ಲ. ಡಿಸ್ಕ್ ಓದಲು ಅವಕ್ಕೆ ಬಯಾಸ್‌ನ, ಅಂದರೆ ಹಳೆಯ ಬಗೆಯ ಫರ್ಮ್‌ವೇರಿನ, ಆಸರೆ ಇತ್ತು; ಹೊಸ ಹಾರ್ಡ್‌ವೇರ್ ಸಿಕ್ಕಿತೆಂಬ ಸಂದೇಶಗಳ ಸಾಲೇ ಬಂದರೂ ಎಷ್ಟೋ ಸಲ ಯಂತ್ರ ಎದ್ದು ನಿಲ್ಲುತ್ತಿತ್ತು. ಎನ್‌ಟಿ ವಂಶದ ವಿಂಡೋಸ್ 2000, ಎಕ್ಸ್‌ಪಿಗಳು ಮನೆಮನೆಗೆ ಬಂದ ಮೇಲೆ ಪೆಟ್ಟು ಬಿತ್ತು. ಯಂತ್ರದ ಬಗೆಗೆ ತಕ್ಕ ಹಾರ್ಡ್‌ವೇರ್ ಪದರವನ್ನು, ಅಂದರೆ ಎಚ್‌ಎಎಲ್ ಎಂಬ ಕಡತವನ್ನು, ಅವು ಇನ್‌ಸ್ಟಾಲ್ ಮಾಡುವಾಗಲೇ ಆರಿಸಿ ಕೂರಿಸುತ್ತಿದ್ದವು. ಡಿಸ್ಕ್ ಕಂಟ್ರೋಲರಿನ ಗುರುತೂ ಆಗಲೇ ವಿಂಡೋಸಿನ ಸೆಟ್ಟಿಂಗುಗಳ ಭಂಡಾರವಾದ ರಿಜಿಸ್ಟ್ರಿ ಸೇರುತ್ತಿತ್ತು. ಒಂದು ಕಂಪನಿಯ ಚಿಪ್‌ಸೆಟ್‌ನಿಂದ ಇನ್ನೊಂದರದಕ್ಕೆ ಹಾರಿದರೆ ಅಲ್ಲೇ 7ಬಿ.

ಆಗ ಎಲ್ಲರೂ ಮೊರೆ ಹೋಗುತ್ತಿದ್ದುದು ರಿಪೇರಿ ಇನ್‌ಸ್ಟಾಲಿಗೆ: ಎಕ್ಸ್‌ಪಿ ಸಿಡಿಯಿಂದ ಬೂಟ್ ಮಾಡಿ, ಇರುವ ವಿಂಡೋಸಿನ ಮೇಲೆಯೇ ಮತ್ತೆ ಹಾಕುವುದು. ಪ್ರೋಗ್ರಾಂಗಳು ಉಳಿಯುತ್ತಿದ್ದವು, ಸಿಡಿಯ ನಂತರ ಬಂದ ಅಪ್‌ಡೇಟುಗಳನ್ನು ಮತ್ತೆ ಹಾಕಬೇಕಾಗುತ್ತಿತ್ತು. ಮೈಕ್ರೋಸಾಫ್ಟಿನ ಅಧಿಕೃತ ಮದ್ದು ‘ಸಿಸ್‌ಪ್ರೆಪ್’. ಇಮೇಜ್ ತೆಗೆಯುವ ಮೊದಲೇ ಯಂತ್ರದ ಗುರುತುಗಳನ್ನು ಅಳಿಸಿಬಿಡುವ ಉಪಕರಣ ಅದು. ನೂರು ಯಂತ್ರ ಹಂಚುವವರಿಗೆ ಸರಿಯೇ. ನಿನ್ನೆ ರಾತ್ರಿ ಮದರ್‌ಬೋರ್ಡ್ ಕೈಕೊಟ್ಟವರು ಸಿಸ್‌ಪ್ರೆಪ್ ಓಡಿಸುವುದು ಯಾವ ಯಂತ್ರದ ಮೇಲೆ? ಈ ಕಂದಕವನ್ನು ತುಂಬಲೆಂದೇ ಅಕ್ರೋನಿಸ್‌ನ ಯೂನಿವರ್ಸಲ್ ರಿಸ್ಟೋರ್, ಮ್ಯಾಕ್ರಿಯಂನ ರೀಡಿಪ್ಲಾಯ್‌ನಂಥವು ಬಂದವು. ಇವು ಇಮೇಜ್ ಇಳಿಸಿದ ಮೇಲೆ, ಮೊದಲ ಬೂಟಿಗೆ ಮುನ್ನ, ಹೊಸ ಯಂತ್ರದ ಡ್ರೈವರನ್ನು ಮಲಗಿರುವ ವಿಂಡೋಸಿನೊಳಗೆ ಸೇರಿಸಿ ಗುರುತು ಹಾಕುತ್ತವೆ. ಬಳಕೆದಾರರ ಸಂಕಟವನ್ನು ಸರಿಯಾಗಿ ಅರ್ಥಮಾಡಿಕೊಂಡವರು ಇವರೇ ಎಂದು ನನ್ನ ಎಣಿಕೆ.

ವಿಸ್ತಾ ಬಂದಾಗ ಮೈಕ್ರೋಸಾಫ್ಟ್ ತನ್ನ ಇನ್‌ಸ್ಟಾಲ್ ಡಿವಿಡಿಯನ್ನೇ ಇಮೇಜ್ ಆಗಿಸಿತು. ಅದರೊಳಗಿನ ವಿಮ್ ಕಡತ ಯಾವ ಯಂತ್ರದ ನೆನಪೂ ಇಲ್ಲದ ಇಮೇಜ್. ಯಾವ ಕಂಪ್ಯೂಟರಿಗೆ ಇಳಿಸಿದರೂ ಅಲ್ಲಿಯ ಹಾರ್ಡ್‌ವೇರನ್ನು ಕಂಡುಕೊಳ್ಳುತ್ತಿತ್ತು. ಅಂದರೆ ಇದು ಆಗದ ಕೆಲಸವಲ್ಲ ಎಂಬುದಕ್ಕೆ ಪುರಾವೆ ಪ್ರತಿ ಡಿವಿಡಿಯಲ್ಲೂ ಇತ್ತು. ಹಾಗಿದ್ದೂ ನಾವು ತೆಗೆದಿಟ್ಟುಕೊಂಡ ಇಮೇಜಿಗೆ ಆ ಭಾಗ್ಯ ಇರಲಿಲ್ಲ. ವಿಸ್ತಾ ಮತ್ತು 7, ಇನ್‌ಸ್ಟಾಲ್ ಆದಾಗ ಬೇಕಿರದ ಡಿಸ್ಕ್ ಡ್ರೈವರುಗಳನ್ನು ಬೂಟ್ ಪಟ್ಟಿಯಿಂದ ಕೈಬಿಡುತ್ತಿದ್ದವು.

ನನ್ನ ರಾತ್ರಿಯ ಗುಟ್ಟು ಅಲ್ಲೇ ಇತ್ತು. ಹಳೆಯ ಯಂತ್ರದ ಡಿಸ್ಕ್ ಐಡಿಇ ಮೋಡಿನಲ್ಲಿತ್ತು, ಹೊಸದರದು ಎಎಚ್‌ಸಿಐ. ಡಿಸ್ಕ್ ಕಂಟ್ರೋಲರ್ ಕೆಲಸ ಮಾಡುವ ಎರಡು ಬಗೆಗಳಿವು, ಒಂದೊಂದಕ್ಕೂ ಬೇರೆ ಡ್ರೈವರ್. ರಿಕವರಿ ಡಿಸ್ಕಿನಿಂದ ಬೂಟ್ ಮಾಡಿ, ಕಮಾಂಡ್ ಪ್ರಾಂಪ್ಟಿನಲ್ಲಿ ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್ ತೆರೆದು, ಡಿಸ್ಕಿನಲ್ಲಿ ಮಲಗಿದ್ದ ವಿಂಡೋಸಿನ ಸಿಸ್ಟಮ್ ಹೈವನ್ನು (ರಿಜಿಸ್ಟ್ರಿಯ ಒಂದು ಕಡತ) ಲೋಡ್ ಮಾಡಿದೆ. ಎಲ್ಲ ಸೂಚನೆಗಳೂ ಹೇಳುವ ‘ಕರೆಂಟ್ ಕಂಟ್ರೋಲ್ ಸೆಟ್’ ಅಲ್ಲಿ ಇರಲೇ ಇಲ್ಲ. ಅದು ವಿಂಡೋಸ್ ಎದ್ದಾಗ ಮಾತ್ರ ಹುಟ್ಟುವ ಕೊಂಡಿ. ಮಲಗಿದ್ದಾಗ ನೋಡಬೇಕಾದದ್ದು ‘ಕಂಟ್ರೋಲ್‌ಸೆಟ್001’ ಎಂದು ಹೊಳೆಯಲು ಬಹಳ ಹೊತ್ತು ಬೇಕಾಯಿತು. ಅದರ ಸರ್ವೀಸಸ್ ಅಡಿಯಲ್ಲಿ ಎಎಚ್‌ಸಿಐ ಡ್ರೈವರಾದ ‘ಎಂಎಸ್‌ಎಎಚ್‌ಸಿಐ’, ಅದರಲ್ಲಿ ‘ಸ್ಟಾರ್ಟ್’ ಎಂಬ ಮೌಲ್ಯ: 3. ಬೇಕಾದಾಗ ಕರೆ ಎಂದರ್ಥ. ಅದನ್ನು 0 ಮಾಡಿದೆ, ಅಂದರೆ ಬೂಟಿನಲ್ಲೇ ಎಬ್ಬಿಸು. ಒಂದೇ ಒಂದು ಅಂಕಿ. ಯಂತ್ರ ಎದ್ದಿತು, ಡೆಸ್ಕ್‌ಟಾಪಿನಲ್ಲಿ ಹಳೆಯ ಐಕಾನುಗಳೆಲ್ಲ ಇಟ್ಟ ಜಾಗದಲ್ಲೇ ಇದ್ದವು.

ಸ್ವಲ್ಪ ಹೊತ್ತಿಗೆ ಆ್ಯಕ್ಟಿವೇಷನ್ ಕೇಳಿತು. ಅದರ ಬೇರು 2001ರ ಎಕ್ಸ್‌ಪಿಯಲ್ಲಿದೆ. ಲೈಸೆನ್ಸನ್ನು ಹಾರ್ಡ್‌ವೇರಿನ ಗುರುತಿಗೆ ಕಟ್ಟಿಹಾಕುವ ಪದ್ಧತಿ ಆಗ ಶುರುವಾಯಿತು. ಕಂಪ್ಯೂಟರಿನ ಜತೆಯಲ್ಲೇ ಬರುವ ಒಇಎಂ ಲೈಸೆನ್ಸ್ ಆ ಕಂಪ್ಯೂಟರಿನೊಂದಿಗೇ ಮುಗಿಯುತ್ತದೆ. ತಾಂತ್ರಿಕ ಅಡ್ಡಿಯನ್ನು ರಾತ್ರಿ ನಿದ್ದೆಗೆಟ್ಟಾದರೂ ಬಿಡಿಸಬಹುದು. ಇದನ್ನು ಹಾಗೆ ಬಿಡಿಸಲಾಗದು.

ವಿಂಡೋಸ್ 8ರಿಂದೀಚೆಗೆ 7ಬಿ ಕಾಟ ಬಹಳ ತಗ್ಗಿತು, ಅಡ್ಡಿಗಳು ಬೇರೆ ಕಡೆ ಎದ್ದವು. ಬಯಾಸ್ ಜಾಗಕ್ಕೆ ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಬಂತು. ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ವಿಭಾಗ ಮಾಡಿದ ಡಿಸ್ಕಿನಿಂದ ತೆಗೆದ ಹಳೆಯ ಇಮೇಜಿನಲ್ಲಿ ಯುಇಎಫ್‌ಐ ಹುಡುಕುವ ಇಎಫ್‌ಐ ವಿಭಾಗವೇ ಇರುವುದಿಲ್ಲ. ಆ ವಿಭಾಗವನ್ನು ಮಾಡಿ ‘ಬಿಸಿಡಿಬೂಟ್’ ಆಜ್ಞೆಯಿಂದ ಬೂಟ್ ಕಡತಗಳನ್ನು ಹೊಸದಾಗಿ ಬರೆಯಬೇಕು. 2017ರಲ್ಲಿ ವಿಂಡೋಸ್ 10ರ 1703 ಆವೃತ್ತಿಯೊಂದಿಗೆ ಬಂದ ‘ಎಂಬಿಆರ್2ಜಿಪಿಟಿ’ ಎಂಬಿಆರ್‌ನಿಂದ ಹೊಸ ಜಿಪಿಟಿ ಪದ್ಧತಿಗೆ ಪರಿವರ್ತನೆಯನ್ನು ಹಗುರ ಮಾಡಿತು. ಅದೇ ವರ್ಷ 1709ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಸಿಸ್ಟಮ್ ಇಮೇಜ್ ಬ್ಯಾಕಪ್ಪನ್ನು ಕೈಬಿಡುವ ಪಟ್ಟಿಗೆ ಸೇರಿಸಿ, ಬೇರೆ ಕಂಪನಿಗಳ ಉಪಕರಣ ಬಳಸಿ ಎಂದಿತು. ಜನ ನೆಚ್ಚಿಕೊಂಡಿದ್ದ ಸೌಲಭ್ಯವನ್ನು ಹೀಗೆ ಅನಾಥ ಮಾಡಿದ್ದು ಸರಿಯಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ.

ಲಿನಕ್ಸ್‌ನಲ್ಲೂ ಇದೇ ಒಗಟಿದೆ, ಬಿಡಿಸುವ ದಾರಿ ಸುಲಭ. ಮೊದಲ ಡ್ರೈವರುಗಳು ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಗಂಟಿನಲ್ಲಿರುತ್ತವೆ. ಡೆಬಿಯನ್ ಆ ಗಂಟಿನಲ್ಲಿ ಸಾಮಾನ್ಯ ಡಿಸ್ಕ್ ಡ್ರೈವರುಗಳನ್ನೆಲ್ಲ ತುಂಬಿಡುತ್ತದೆ. ಫೆಡೋರಾ ಈ ಯಂತ್ರಕ್ಕೆ ಬೇಕಾದಷ್ಟನ್ನೇ ಕಟ್ಟಿ, ಪಕ್ಕದಲ್ಲಿ ಎಲ್ಲವೂ ಇರುವ ರೆಸ್ಕ್ಯೂ ಪ್ರತಿಯೊಂದನ್ನು ಇಟ್ಟಿರುತ್ತದೆ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಕಾಡುವುದು ಎರಡು. ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಎಷ್ಟೋ ಯಂತ್ರಗಳಲ್ಲಿ ಎಸ್‌ಎಸ್‌ಡಿ, ಇಂಟೆಲ್‌ನದೇ ವಿಎಂಡಿ ಎಂಬ ಕಂಟ್ರೋಲರಿನ ಹಿಂದೆ ಅಡಗಿರುತ್ತದೆ. ಡ್ರೈವರ್ ಕೊಡದಿದ್ದರೆ ರಿಕವರಿ ಪರಿಸರಕ್ಕೂ ಡಿಸ್ಕ್ ಕಾಣದೆ ಹೋಗಬಹುದು. ಇನ್ನೊಂದು, ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸಿನ ಸೌಲಭ್ಯವಾದ ಬಿಟ್‌ಲಾಕರ್. ಗೂಢಲಿಪಿಯಲ್ಲೇ ಇರುವ ಡಿಸ್ಕನ್ನು ಸೆಕ್ಟರ್ ಸೆಕ್ಟರಾಗಿ ನಕಲು ಮಾಡಿ ಬೇರೆ ಯಂತ್ರಕ್ಕೆ ಒಯ್ದರೆ, ಕೀಯನ್ನು ಕಾಯುವ ಅಲ್ಲಿಯ ಟಿಪಿಎಂ ಚಿಪ್ ಅದನ್ನು ತೆರೆಯಲಾರದು. 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಆ ಕೀಯನ್ನು ನಾನು ಕಾಗದದ ಮೇಲೆ ಬರೆದು ಇಮೇಜ್ ಇರುವ ಡಿಸ್ಕಿನಿಂದ ದೂರ ಇಡುತ್ತೇನೆ. ಹೊಸ ಯಂತ್ರ ಬಂದ ದಿನವೇ ಅದರ ಸ್ಟೋರೇಜ್ ಡ್ರೈವರನ್ನು ಬಿಚ್ಚಿ ಫೋಲ್ಡರಿಗೆ ಹಾಕಿ ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ಇಮೇಜ್ ಇಳಿಸಿದ ಮೇಲೆ ‘ಡಿಸ್ಮ್’ ಆಜ್ಞೆಗೆ ಆ ಫೋಲ್ಡರನ್ನು ತೋರಿಸಿದರೆ ಸಾಕು, ಡ್ರೈವರ್ ಮಲಗಿರುವ ವಿಂಡೋಸಿನೊಳಗೆ ಸೇರಿಕೊಳ್ಳುತ್ತದೆ.