ಡ್ರೈವರ್ ಮರೆತ ಕೇಸು ಪೊಲೀಸ್ ವೆರಿಫಿಕೇಶನ್‌ನಲ್ಲಿ ಎದ್ದು ಬಂದಾಗ

ಹೋದ ತಿಂಗಳು ಸೇಡಂ ಕಡೆಯ ಡ್ರೈವರೊಬ್ಬರು ನನ್ನ ಆಫೀಸಿಗೆ ಬಂದರು. ಹದಿನೈದು ವರ್ಷ ಸಿಮೆಂಟ್ ಬಲ್ಕರ್ ಓಡಿಸಿದವರು. ಈಗ ಪೆಟ್ರೋಲ್ ಟ್ಯಾಂಕರ್ ಕೆಲಸ ಸಿಕ್ಕಿದೆ, ಸಂಬಳವೂ ಜಾಸ್ತಿ. ಆದರೆ ಪೊಲೀಸ್ ವೆರಿಫಿಕೇಶನ್ ತಂದ ಮೇಲೆಯೇ ಗಾಡಿ ಕೀಲಿ ಅಂತ ಮಾಲೀಕರು ಹೇಳಿದ್ದಾರೆ. ಅರ್ಜಿ ಹಾಕಿ ಆರು ವಾರ ಆಗಿತ್ತು. “ಠಾಣೆಯವ್ರು ಬೇಕಂತ್ಲೇ ತಡ ಮಾಡ್ಲತ್ತಾರ್ರಿ ಸಾಹೇಬ್ರ” ಅಂದರು.

ನಾನು ಫೋನಿನಲ್ಲಿ ಕೋರ್ಟ್ ಕೇಸುಗಳನ್ನು ಹುಡುಕುವ ಇ-ಕೋರ್ಟ್ಸ್ ತೆಗೆದು ಅವರ ಹೆಸರು ಹಾಕಿ ನೋಡಿದೆ. ಪಕ್ಕದ ತಾಲ್ಲೂಕಿನ ಕೋರ್ಟಿನಲ್ಲಿ 2017ರ ಒಂದು ಅಪಘಾತದ ಕೇಸು ಇನ್ನೂ ಬಾಕಿ ಇತ್ತು. ಮೇಲೆ ವಾರಂಟ್ ಬೇರೆ. ತೋರಿಸಿದರೆ ಅವರು ನಂಬಲೇ ಇಲ್ಲ. “ಅದು ಲೋಕ ಅದಾಲತ್‌ನ್ಯಾಗ ಅವಾಗೇ ಮುಗದದಲ್ರಿ!”

ಅಪಘಾತದ ಕೇಸುಗಳನ್ನೇ ಹೆಚ್ಚು ನಡೆಸುವ ವಕೀಲ ನಾನು. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಂದು ಅಪಘಾತ ಆದರೆ ಕೇಸು ಎರಡು ಹುಟ್ಟುತ್ತವೆ. ಒಂದು ಪರಿಹಾರದ್ದು. ಗಾಯಗೊಂಡವರು ಅಥವಾ ಸತ್ತವರ ಮನೆಯವರು ಹಾಕುವುದು, ಇನ್ಶೂರೆನ್ಸ್ ಕಂಪನಿ ದುಡ್ಡು ಕಟ್ಟುವುದು. ಲೋಕ ಅದಾಲತ್‌ನಲ್ಲಿ ರಾಜಿ ಆಗುವುದು ಸಾಮಾನ್ಯವಾಗಿ ಇದು. ಇನ್ನೊಂದು ಪೊಲೀಸರು ಡ್ರೈವರ್ ಮೇಲೆ ಹಾಕುವ ಕ್ರಿಮಿನಲ್ ಕೇಸು. ಅದು ಬೇರೆ ಕೋರ್ಟು, ಬೇರೆ ನಂಬರು. ಪರಿಹಾರದ ಚೆಕ್ ಬಂದ ಮಾತ್ರಕ್ಕೆ ಇದು ಮುಗಿಯುವುದಿಲ್ಲ. ಸಾವು ಆಗಿದ್ದರಂತೂ ಎರಡೂ ಕಡೆಯವರು ಕೂತು ರಾಜಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಮಾಲೀಕರು ಜಾಮೀನು ಕೊಡಿಸಿ, ಗಾಡಿ ಬಿಡಿಸಿಕೊಂಡು ಹೋಗುತ್ತಾರೆ. ಡ್ರೈವರ್ ಎರಡು ತಾರೀಖಿಗೆ ಹಾಜರಾಗುತ್ತಾರೆ. ಮೂರನೆಯದಕ್ಕೆ ನಾಗಪುರದ ಲೋಡ್ ಇರುತ್ತದೆ. ಅಲ್ಲಿಗೆ ವಾರಂಟ್ ಶುರು.

ಪೊಲೀಸರು ವೆರಿಫಿಕೇಶನ್‌ಗೆ ಕಂಪ್ಯೂಟರಿನಲ್ಲಿ ಹೆಸರು ಹಾಕಿದಾಗ ಎದ್ದು ಬರುವುದು ಇದೇ. ಠಾಣೆಗಳ ಎಫ್‌ಐಆರ್ ದಾಖಲೆಗಳೆಲ್ಲ ಈಗ ದೇಶದ ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಜಾಲದಲ್ಲಿವೆ. ಹುಮನಾಬಾದಿನಲ್ಲಿ ಆದ ಕೇಸು ಕಲಬುರಗಿಯಲ್ಲಿ ಕಾಣುವುದಿಲ್ಲ ಅಂತ ಅಂದುಕೊಳ್ಳುವ ಕಾಲ ಹೋಯಿತು. ಅರ್ಜಿಯಲ್ಲಿ ‘ಕೇಸು ಇಲ್ಲ’ ಅಂತ ಬರೆದಿರುತ್ತೀರಿ, ಅಲ್ಲಿ ಕೇಸು ಕಾಣುತ್ತದೆ. ಆಮೇಲೆ ಆ ಠಾಣೆಗೆ ಕೇಳಬೇಕು, ಕೇಸಿನ ಗತಿ ಏನಾಯಿತು ನೋಡಬೇಕು. ವಾರಗಳು ಹೋಗುವುದು ಇಲ್ಲಿಯೇ.

ಇನ್ನೊಂದು ತಪ್ಪು ತಿಳುವಳಿಕೆ ದಂಡದ ಬಗ್ಗೆ. “ದಂಡ ಕಟ್ಟಿ ಬಂದೀನ್ರಿ, ಕೇಸೇ ಇಲ್ಲ” ಅನ್ನುತ್ತಾರೆ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿದ್ದರೆ ಅದಕ್ಕೆ ಹೆಸರು ಶಿಕ್ಷೆ. ಕುಡಿದು ಗಾಡಿ ಓಡಿಸಿ ಮೋಟಾರು ವಾಹನ ಕಾಯ್ದೆಯ 185ನೇ ಕಲಂನಲ್ಲಿ ಸಿಕ್ಕು ಕೋರ್ಟಿಗೆ ಹತ್ತು ಸಾವಿರ ಕಟ್ಟಿದ್ದೂ ಶಿಕ್ಷೆಯೇ. ‘ನಿಮಗೆ ಯಾವುದಾದರೂ ಕೇಸಿನಲ್ಲಿ ಶಿಕ್ಷೆ ಆಗಿದೆಯೇ?’ ಅನ್ನುವ ಕಾಲಂ ಎದುರಿಗೆ ಇಲ್ಲ ಅಂತ ಬರೆದರೆ ಅದು ಸುಳ್ಳಾಗುತ್ತದೆ, ನೀವು ಬೇಕಂತ ಹೇಳಿರದಿದ್ದರೂ. ಬೇಗ ಮುಗಿಯಲಿ ಅಂತ ಸುಮ್ನೆ ‘ಒಪ್ಪಿಕೋ’ ಅನ್ನುವ ವಕೀಲರೂ ಇದ್ದಾರೆ. ನಮ್ಮವರನ್ನು ನಾನೇ ಬೈಯಬೇಕು.

ಹಾಗಂತ ಕೇಸು ಇದ್ದ ಕೂಡಲೇ ಕೆಲಸ ಹೋಯಿತು ಅಂತಲ್ಲ. ಪೊಲೀಸರು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಾರೆ. ತಗೊಳ್ಳಬೇಕೋ ಬೇಡವೋ ಅನ್ನುವುದು ಕೆಲಸ ಕೊಡುವವರಿಗೆ ಬಿಟ್ಟಿದ್ದು. ಹದಿನೈದು ವರ್ಷದಲ್ಲಿ ಒಂದು ಅಪಘಾತ ಆಗಿರುವ ಡ್ರೈವರನ್ನು ಬಹಳ ಮಾಲೀಕರು ಬೇಡ ಅನ್ನುವುದಿಲ್ಲ. ಮುಚ್ಚಿಟ್ಟವರನ್ನು ಮಾತ್ರ ನಂಬುವುದಿಲ್ಲ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ನೌಕರಿಯ ಬಗ್ಗೆ ಇದನ್ನೇ ಹೇಳಿತು. ವೆರಿಫಿಕೇಶನ್ ಫಾರಂನಲ್ಲಿ ನಿಜ ಹೇಳಲೇಬೇಕು. ಕೇಸು ಸಣ್ಣದಾಗಿದ್ದರೆ ಕೆಲಸ ಕೊಡುವವರು ಅದನ್ನು ಬದಿಗಿಟ್ಟು ನೋಡಬಹುದು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡ್ರೈವರ್ ಹುದ್ದೆಗೆ ಕಾಯುತ್ತಿರುವ ಹುಡುಗರು ಇದನ್ನು ನೆನಪಿಡಬೇಕು.

ಅದಕ್ಕೆ ಅರ್ಜಿ ಹಾಕುವ ಮೊದಲೇ ಒಂದು ದಿನ ಇದಕ್ಕಾಗಿ ಇಡಿ. ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿ ಹುಡುಕುವುದಕ್ಕೆ ದುಡ್ಡಿಲ್ಲ. ನೀವು ಓಡಾಡಿದ ಜಿಲ್ಲೆಗಳನ್ನೆಲ್ಲ ನೋಡಿ, ಸೊಲ್ಲಾಪುರ, ಸಂಗಾರೆಡ್ಡಿಯನ್ನೂ ಬಿಡಬೇಡಿ. ಖುಲಾಸೆ ಆಗಿದ್ದರೆ ತೀರ್ಪಿನ ದೃಢೀಕೃತ ನಕಲು ತೆಗೆಸಿ. ದಂಡ ಕಟ್ಟಿದ್ದರೆ ರಸೀದಿ ಮತ್ತು ಆದೇಶದ ನಕಲು. ಕೇಸಿನಲ್ಲಿ ಹುರುಳಿಲ್ಲ ಅಂತ ಪೊಲೀಸರೇ ಬಿ ರಿಪೋರ್ಟ್ ಹಾಕಿದ್ದರೆ ಅದರ ನಕಲು. ವಾರಂಟ್ ಇದ್ದರೆ ವಕೀಲರ ಜೊತೆ ನೀವೇ ಕೋರ್ಟಿಗೆ ಹೋಗಿ ಅದನ್ನು ರದ್ದು ಮಾಡಿಸಿಕೊಳ್ಳಿ. ಹಿಡಿದು ತಂದವನನ್ನು ಜಡ್ಜ್ ನೋಡುವ ರೀತಿ ಬೇರೆ, ತಾನಾಗಿ ಬಂದವನನ್ನು ನೋಡುವ ರೀತಿ ಬೇರೆ. ಕಲಂ ನಂಬರನ್ನೂ ಸರಿಯಾಗಿ ಬರೆಯಿರಿ. 2024ರ ಜುಲೈ 1ಕ್ಕಿಂತ ಹಿಂದಿನ ಅಪಘಾತ ಆದರೆ ಐಪಿಸಿ 279 (ಅಜಾಗರೂಕ ಚಾಲನೆ), 304ಎ (ನಿರ್ಲಕ್ಷ್ಯದಿಂದ ಸಾವು). ಆಮೇಲಿನದು ಆದರೆ ಭಾರತೀಯ ನ್ಯಾಯ ಸಂಹಿತೆಯ 281, 106(1).

ಇನ್ನು ಹೆಸರು ಮತ್ತು ವಿಳಾಸ. ನಮ್ಮ ಭಾಗದಲ್ಲಿ ಇದೂ ದೊಡ್ಡ ರಗಳೆಯೇ. ಆಧಾರ್‌ನಲ್ಲಿ ಮಲ್ಲಿಕಾರ್ಜುನ, ಲೈಸೆನ್ಸ್‌ನಲ್ಲಿ ಮಲ್ಲಪ್ಪ. ಒಂದರಲ್ಲಿ ಪೂರ್ತಿ ಮೊಹಮ್ಮದ್, ಇನ್ನೊಂದರಲ್ಲಿ ಬರೀ ಎಂ.ಡಿ. ಹುಟ್ಟಿದ ದಿನ ಶಾಲೆಯ ಮಾಸ್ತರರು ಹಾಕಿದ ಜೂನ್ 1, ಆಧಾರ್‌ನವರು ಹಾಕಿದ ಜನವರಿ 1. ಗುಲ್ಬರ್ಗ 2014ರ ನವೆಂಬರ್ 1ರಂದು ಕಲಬುರಗಿ ಆಯಿತು, ಹಳೇ ಲೈಸೆನ್ಸ್ ಇನ್ನೂ ಗುಲ್ಬರ್ಗದಲ್ಲೇ ಇದೆ. ಯಾದಗಿರಿಯವರದು ಇನ್ನೂ ತಮಾಷೆ. ಅವರ ಜಿಲ್ಲೆ ಹುಟ್ಟಿದ್ದೇ 2009ರ ಕೊನೆಗೆ. ಹಾಗಾಗಿ ಸುರಪುರದ ಹಳೇ ಡ್ರೈವರ್ ಹತ್ತಿರ ಇರುವ ಕಾಗದಗಳಲ್ಲಿ ಇನ್ನೂ ಗುಲ್ಬರ್ಗ ಜಿಲ್ಲೆ ಅಂತಲೇ ಇರುತ್ತದೆ. ಊರ ಹೆಸರು ಬದಲಾದದ್ದು ಯಾರಿಗಾದರೂ ಅರ್ಥವಾಗುತ್ತದೆ. ಆದರೆ ನಿಮ್ಮ ಹೆಸರೇ ಎರಡಾದರೆ ಆಗುವುದಿಲ್ಲ. ಮೊದಲು ಆಧಾರ್ ಮತ್ತು ಲೈಸೆನ್ಸ್ ಒಂದೇ ಮಾಡಿಸಿ, ಆಮೇಲೆ ಅರ್ಜಿ.

ಅರ್ಜಿಯನ್ನು ಸೇವಾ ಸಿಂಧುವಿನಲ್ಲಿ ನೀವೇ ಹಾಕಬಹುದು, ಇಲ್ಲವೇ ಗ್ರಾಮ ಒನ್‌ಗೆ ಹೋಗಬಹುದು. ಅಲ್ಲಿ ಕೂತ ಹುಡುಗ ಅವಸರದಲ್ಲಿ ಯಾವುದೋ ಒಂದು ಸೇವೆ ಒತ್ತಿಬಿಡುತ್ತಾನೆ. ಯಾವ ಕೆಲಸಕ್ಕೆ ಬೇಕು ಅಂತ ಬಾಯಿಬಿಟ್ಟು ಹೇಳಿ. ಕಲಬುರಗಿ ನಗರಕ್ಕೆ 2019ರಿಂದ ಪೊಲೀಸ್ ಕಮಿಷನರೇಟ್ ಇದೆ, ಆಳಂದ, ಜೇವರ್ಗಿ, ಅಫಜಲಪುರದ ಊರುಗಳು ಜಿಲ್ಲಾ ಎಸ್‌ಪಿ ಕೆಳಗೆ ಬರುತ್ತವೆ. ಊರು ಆಳಂದ, ಬಾಡಿಗೆ ಮನೆ ನಗರದಲ್ಲಿ ಇದ್ದರೆ ಎರಡನ್ನೂ ಸರಿಯಾಗಿ ಬರೆಯಿರಿ. ಒಂದನ್ನೇ ಬರೆದರೆ ಕಾಗದ ತಪ್ಪು ಕಚೇರಿಗೆ ಹೋಗಿ ವಾಪಸ್ ಬರುತ್ತದೆ. ದುಬೈ, ಸೌದಿಗೆ ಡ್ರೈವರ್ ಆಗಿ ಹೋಗುವವರಿಗೆ ಇದು ನಡೆಯುವುದಿಲ್ಲ. ಅವರದು ಪಾಸ್‌ಪೋರ್ಟ್ ಸೇವೆಯ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್), ದಾರಿಯೇ ಬೇರೆ.

ಬೀಟ್ ಪೊಲೀಸರು ಮನೆಗೆ ಬಂದಾಗ ನೀವು ಲೋಡ್ ಹೊತ್ತು ಹೊರಗೆ ಲೈನಿನಲ್ಲಿ ಇರುತ್ತೀರಿ, ಫೋನ್ ಸ್ವಿಚ್ ಆಫ್. ಇದಕ್ಕೆ ಮದ್ದು ಒಂದೇ. ಗಾಡಿ ಗ್ಯಾರೇಜಿನಲ್ಲಿ ಇರುವ ವಾರ ಅಥವಾ ಜಾತ್ರೆಗೆ ಊರಿಗೆ ಬರುವ ವಾರ ನೋಡಿ ಅರ್ಜಿ ಹಾಕಿ. ಮನೆಯವರ ನಂಬರೂ ಕೊಡಿ. ಕೆಲವರು ಓನರ್ ನಂಬರ್ ಕೊಡುತ್ತಾರೆ, ಹಾಗೆ ಮಾಡಬೇಡಿ. ಓನರ್ ಆ ಕರೆ ಎತ್ತುವುದೇ ಇಲ್ಲ.

ಟ್ಯಾಂಕರ್‌ನವರಿಗೆ ಮಾತ್ರ ಇನ್ನೊಂದು ಮಾತು. ಅಪಾಯಕಾರಿ ಸರಕಿನ ಲೈಸೆನ್ಸ್ ಅವಧಿ 2019ರ ತಿದ್ದುಪಡಿಯಿಂದ ಮೂರು ವರ್ಷ, ನವೀಕರಣಕ್ಕೆ ಮತ್ತೆ ತರಬೇತಿ ಬೇಕು. ವೆರಿಫಿಕೇಶನ್ ಬರುವಷ್ಟರಲ್ಲಿ ಅದೇ ಮುಗಿದು ಹೋಗಿದ್ದನ್ನೂ ನೋಡಿದ್ದೇನೆ.

ಸೇಡಂನ ಡ್ರೈವರ್ ಹೋದ ವಾರ ಕೋರ್ಟಿಗೆ ಬಂದಿದ್ದರು. ವಾರಂಟ್ ರದ್ದಾಯಿತು, ಆದೇಶದ ನಕಲನ್ನು ಠಾಣೆಗೆ ಕೊಟ್ಟಿದ್ದಾರೆ. ಕೇಸು ಇದೆ ಅಂತ ಟ್ಯಾಂಕರ್ ಮಾಲೀಕರಿಗೆ ತಾವೇ ಹೇಳಿದ್ದಾರೆ. “ತಾರೀಖು ತಪ್ಪಿಸಬ್ಯಾಡ, ಕೀಲಿ ಇಟ್ಟಿರ್ತೀನಿ” ಅಂದರಂತೆ ಅವರು. ಮುಂದಿನ ತಾರೀಖು ಬರುವ ತಿಂಗಳು. ಅಲ್ಲಿಯವರೆಗೆ ಬಲ್ಕರ್ ಮೇಲೆಯೇ ಇದ್ದಾರೆ.