ಮಳೆಗಾಲದಲ್ಲಿ ಡೈವಿಂಗ್‌ಗೆ ಹೋಗಬಹುದಾ?

ಪ್ರಶ್ನೆ: ನಾವಿಬ್ಬರೂ ಓಪನ್ ವಾಟರ್ ಅನ್ನುವ ಡೈವಿಂಗ್‌ನ ಮೊದಲ ಹಂತದ ಕೋರ್ಸ್ ಮುಗಿಸಿ ಒಂದು ವರ್ಷ ಆಯ್ತು. ಇಲ್ಲಿವರೆಗೆ ಮಾಡಿರುವುದು ಎಂಟೇ ಡೈವ್. ರಜೆ ಸಿಗುವುದು ಆಫ್ ಸೀಸನ್‌ನಲ್ಲೇ. ಬೆಚ್ಚಗಿನ ನೀರು, ಸುಲಭದ ಡೈವ್ ಇದ್ದರೆ ಸಾಕು. ಮಳೆಗಾಲದಲ್ಲಿ ಹೋದರೆ ದುಡ್ಡು ದಂಡ ಆಗುತ್ತಾ?

ಉತ್ತರ: ಆಗುವುದಿಲ್ಲ. ಆದರೆ ಜಾಗ ಆರಿಸುವಾಗ ಸ್ವಲ್ಪ ತಲೆ ಓಡಿಸಬೇಕು.

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಹವಾಮಾನದ ಆ್ಯಪ್ ತೆರೆದು, ಹತ್ತೂ ದಿನಕ್ಕೆ ಮೋಡದ ಚಿತ್ರ ನೋಡಿ ಗಾಬರಿಯಾಗಿರುತ್ತಾರೆ. ಮಳೆಗೆ ಯಾಕೆ ಹೆದರಬೇಕು? ಹೇಗಿದ್ದರೂ ನೆನೆಯುವುದಕ್ಕೇ ಹೋಗುತ್ತಿದ್ದೀರಿ, ಅಲ್ವಾ? ಹತ್ತು ಮೀಟರ್ ಕೆಳಗೆ ಇಳಿದ ಮೇಲೆ ಮಳೆ ಬರುತ್ತಿರುವುದು ಗೊತ್ತಾಗುವುದೇ ಕಷ್ಟ. ಕಿವಿಗೆ ಸಣ್ಣಗೆ ಚಿಟಿಚಿಟಿ ಸದ್ದು. ತಲೆ ಎತ್ತಿದರೆ ನೀರಿನ ಮೇಲೆಲ್ಲ ಸೂಜಿ ಚುಚ್ಚಿದ ಹಾಗೆ ಚುಕ್ಕಿಗಳು. ಅಷ್ಟೇ.

ಡೈವ್ ಕೆಡಿಸುವುದು ಗಾಳಿ. ಒಂದೇ ದಿಕ್ಕಿನಿಂದ ದಿನಗಟ್ಟಲೆ ಬೀಸಿದರೆ ಅಲೆ ಏಳುತ್ತದೆ, ಬೋಟು ಹೊರಡುವುದಿಲ್ಲ. ಹೊರಟರೆ ಇನ್ನೂ ಕಷ್ಟ. ಬೆನ್ನ ಮೇಲೆ ಸಿಲಿಂಡರ್ ಹೊತ್ತು ಬೋಟಿನ ಏಣಿ ಹಿಡಿಯಲು ಹೋಗುತ್ತೀರಿ. ಏಣಿ ಒಮ್ಮೆ ತಲೆಯ ಮೇಲೆ, ಮರುಕ್ಷಣ ಮೊಣಕಾಲಿನ ಹತ್ತಿರ. ಮೇಲೆ ಬರುವಾಗ ಸುರಕ್ಷತೆಗಾಗಿ ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪ್ ಕೂಡ ಅಂಥ ದಿನ ಉಯ್ಯಾಲೆ ಆಗಿಬಿಡುತ್ತದೆ. ಎಂಟು ಡೈವ್ ಮಾಡಿದವರಿಗೆ ಇದು ಬೇಡ. ನನ್ನ ಲೆಕ್ಕದಲ್ಲಿ ಗಾಳಿ 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ಒಳಗಿದ್ದರೆ ಆರಾಮ. 20 ದಾಟಿದರೆ ದಡದಲ್ಲೇ ಕೂತು ಪುಸ್ತಕ ಓದಿ.

ಹಾಗಾಗಿ ನೀವು ಹೋಗುವ ತಿಂಗಳಲ್ಲಿ ಗಾಳಿಗೆ ಬೆನ್ನು ಕೊಟ್ಟಿರುವ ಕರಾವಳಿ ಯಾವುದು ಅಂತ ಹುಡುಕಿ. ಥಾಯ್ಲೆಂಡ್ ನೋಡಿ, ಒಂದೇ ದೇಶ, ಎರಡು ಸಮುದ್ರ. ಅಂಡಮಾನ್ ಸಮುದ್ರದ ಕಡೆ ಇರುವ ಸಿಮಿಲನ್ ದ್ವೀಪಗಳನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಯೇ ಬಿಡುತ್ತಾರೆ. ಅದೇ ಹೊತ್ತಿಗೆ ಆಚೆ ಬದಿಯ ಕೊಲ್ಲಿಯಲ್ಲಿರುವ ಕೋ ಟಾವೊ ದ್ವೀಪದಲ್ಲಿ ಡೈವಿಂಗ್ ಶಾಲೆಗಳು ತುಂಬಿರುತ್ತವೆ. ಅಲ್ಲಿ ಮಳೆ ಜೋರಾಗುವುದು ನವೆಂಬರ್ ಹೊತ್ತಿಗೆ. ಮಲೇಷ್ಯಾದ ಪೆರ್ಹೆಂಟಿಯನ್ ದ್ವೀಪಗಳದ್ದೂ ಇದೇ ಕಥೆ: ಈಶಾನ್ಯ ಮಾರುತ ಬೀಸುವ ನವೆಂಬರ್‌ನಿಂದ ಫೆಬ್ರುವರಿವರೆಗೆ ಹೆಚ್ಚಿನ ರೆಸಾರ್ಟ್‌ಗಳಿಗೆ ಬೀಗ, ಜೂನ್–ಜುಲೈಯಲ್ಲಿ ಸಮುದ್ರ ಶಾಂತ.

ಕೆರಿಬಿಯನ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಸೀಸನ್. ಆದರೆ ಬೊನೇರ್ ದ್ವೀಪ ತುಂಬ ದಕ್ಷಿಣಕ್ಕಿದೆ, ಚಂಡಮಾರುತಗಳು ಸಾಮಾನ್ಯವಾಗಿ ಹಾಯುವ ದಾರಿಯಿಂದ ಹೊರಗೆ. ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸುವುದರಿಂದ ಪಶ್ಚಿಮ ದಡ ಕೊಳದ ಹಾಗಿರುತ್ತದೆ. ಅಲ್ಲಿ ಬೋಟಿನ ಗೊಡವೆಯೂ ಬೇಡ. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲಿನ ಮೇಲೆ ಡೈವ್ ಜಾಗದ ಹೆಸರು ಬರೆದಿರುತ್ತಾರೆ. ಗಾಡಿ ನಿಲ್ಲಿಸಿ ನಡೆದುಕೊಂಡೇ ನೀರಿಗಿಳಿಯುವುದು. ಹೊಸಬರಿಗೆ ಇದಕ್ಕಿಂತ ಸುಲಭದ ಜಾಗ ನನಗಂತೂ ಹೊಳೆಯುತ್ತಿಲ್ಲ.

ಮಳೆಗಾಲದಲ್ಲಿ ನೀರು ಸ್ವಲ್ಪ ಮಬ್ಬು ಅನ್ನುವುದು ನಿಜ. ಹೊಳೆ ಸಮುದ್ರ ಸೇರುವ ಕಡೆ ಕೆಂಪು ನೀರು ಬಂದು ವಿಸಿಬಿಲಿಟಿ, ಅಂದರೆ ನೀರೊಳಗೆ ಕಣ್ಣು ಕಾಣುವ ದೂರ, ಪೂರ್ತಿ ಹೋಗುತ್ತದೆ. ಹೊಳೆಯೇ ಇಲ್ಲದ ಸಣ್ಣ ಹವಳದ ದ್ವೀಪಗಳಲ್ಲಿ ಈ ತಾಪತ್ರಯ ಕಡಿಮೆ. ದೊಡ್ಡ ಮಳೆ ಆದ ಮೇಲೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತದೆ. ಇಳಿಯುವಾಗ ಮೊದಲು ಎಲ್ಲ ಕಲಕಿದ ಹಾಗೆ, ಕನ್ನಡಕ ಬದಲಾದ ಹಾಗೆ ಕಾಣುತ್ತದೆ. ಮಾಸ್ಕ್ ಕೆಟ್ಟಿತು ಅಂತ ವಾಪಸ್ ಬರಬೇಡಿ. ಸ್ವಲ್ಪ ಕೆಳಗೆ ಹೋದರೆ ತಿಳಿಯಾಗುತ್ತದೆ.

ಇನ್ನೊಂದು ಬಗೆಯ ಮಬ್ಬೂ ಇದೆ, ಅದು ನೀರಿನಲ್ಲಿ ತೇಲುವ ಸಣ್ಣಸಣ್ಣ ಜೀವಿಗಳಾದ ಪ್ಲಾಂಕ್ಟನ್‌ನಿಂದ. ಅದನ್ನು ತಿನ್ನಲು ದೊಡ್ಡ ಜೀವಿಗಳು ಬರುತ್ತವೆ. ಮಾಲ್ಡೀವ್ಸ್‌ನ ಬಾ ಅಟಾಲ್ ಅನ್ನುವ ಹವಳದ ದ್ವೀಪಗಳ ಗುಂಪಿನಲ್ಲಿರುವ ಹನಿಫಾರು ಕೊಲ್ಲಿಗೆ ಮಾಂಟಾ ರೇ ಅನ್ನುವ ದೈತ್ಯ ಚಪ್ಪಟೆ ಮೀನುಗಳು ಹಿಂಡುಹಿಂಡಾಗಿ ಬರುವುದೇ ನೈರುತ್ಯ ಮಾರುತದ ತಿಂಗಳುಗಳಲ್ಲಿ. ಅಲ್ಲಿ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಹಾಗೇ ಇಲ್ಲ, ನೀರಿನ ಮೇಲೆ ತೇಲುತ್ತ ಕೊಳವೆಯಿಂದ ಉಸಿರಾಡುವ ಸ್ನಾರ್ಕೆಲ್ ಮಾತ್ರ. ನಿಮ್ಮ ಅನುಭವಕ್ಕೆ ಹೇಳಿ ಮಾಡಿಸಿದ್ದು. ಮಾಲ್ಡೀವ್ಸ್‌ನ ಚಾನೆಲ್ ಡೈವ್‌ಗಳನ್ನು, ಅಂದರೆ ಹವಳದ ದಿಬ್ಬಗಳ ನಡುವಿನ ಕಾಲುವೆಗಳಲ್ಲಿ ಇಳಿಯುವುದನ್ನು, ಮಾತ್ರ ಈಗಲೇ ಮುಟ್ಟಬೇಡಿ, ಸೆಳೆತ ಜಾಸ್ತಿ.

ಡೈವ್ ಶಾಪ್‌ಗೆ ಬರೆಯುವಾಗ "ಆಗ ಹವಾ ಹೇಗಿರುತ್ತೆ" ಅಂತ ಕೇಳಿದರೆ ಎಲ್ಲರೂ "ಚೆನ್ನಾಗಿರುತ್ತೆ" ಅಂತಲೇ ಹೇಳುತ್ತಾರೆ. ಹೋದ ವರ್ಷ ಅದೇ ತಿಂಗಳು ಎಷ್ಟು ದಿನ ಬೋಟು ಹೊರಡಲಿಲ್ಲ ಅಂತ ಕೇಳಿ. ಬೋಟು ಹೊರಡದ ದಿನ ದಡದಿಂದಲೇ ಇಳಿಯುವ ಹೌಸ್ ರೀಫ್ (ರೆಸಾರ್ಟಿನ ಎದುರಿಗೇ ಇರುವ ಹವಳದ ದಿಬ್ಬ) ಇದೆಯಾ ಕೇಳಿ. ದುಡ್ಡು ವಾಪಸ್ ಕೊಡುತ್ತಾರಾ ಅನ್ನುವುದನ್ನು ಬರಹದಲ್ಲೇ ತೆಗೆದುಕೊಳ್ಳಿ. ನಾನು ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಹತ್ತು ಡೈವ್‌ನ ಪ್ಯಾಕೇಜ್‌ಗೆ ಪೂರ್ತಿ ಹಣ ಕಟ್ಟಿದ್ದೆ. ಆದದ್ದು ಆರು. ಉಳಿದದ್ದಕ್ಕೆ "ಮುಂದಿನ ಸಲ ಬನ್ನಿ" ಅಂದರು! ಈಗ ದಿನದ ಲೆಕ್ಕದಲ್ಲೇ ಕೊಡುತ್ತೇನೆ. ಆಫ್ ಸೀಸನ್‌ನಲ್ಲಿ ಜಾಗ ಸಿಗುವುದಿಲ್ಲ ಅನ್ನುವ ಭಯವೇ ಇರುವುದಿಲ್ಲವಲ್ಲ.

ಜನ ಕಡಿಮೆ ಇರುವುದರ ನಿಜವಾದ ಲಾಭ ಬೇರೆಯೇ. ಎಷ್ಟೋ ದಿನ ಇನ್‌ಸ್ಟ್ರಕ್ಟರ್ ಜೊತೆ ನೀವಿಬ್ಬರೇ ಇರುತ್ತೀರಿ. ಕೋರ್ಸ್ ಮುಗಿದು ವರ್ಷವಾಗಿದೆ, ಮೊದಲ ದಿನ ಕಲಿತದ್ದನ್ನು ಮತ್ತೆ ರೂಢಿಸಿಕೊಳ್ಳುವ ರಿಫ್ರೆಶರ್ ಮಾಡಿಕೊಳ್ಳಿ. ನಿಮ್ಮ ಓಪನ್ ವಾಟರ್ ಕಾರ್ಡಿನ ಮಿತಿ 18 ಮೀಟರ್ ಆಳ. ಮಬ್ಬು ನೀರಿನಲ್ಲಿ 12 ಮೀಟರ್ ಧಾರಾಳ ಸಾಕು, ಬಣ್ಣವೂ ಚೆನ್ನಾಗಿ ಕಾಣುತ್ತದೆ.

ಒದ್ದೆಯಲ್ಲಿ ಬೋಟಿನ ಮೇಲೆ ಗಾಳಿ ಹೊಡೆದರೆ ಗಡಗಡ ನಡುಗುತ್ತೀರಿ, ಒಂದು ಜಾಕೆಟ್ ಇರಲಿ. ನೆಗಡಿ ಬಂದರೆ ಡೈವ್ ಬಿಟ್ಟುಬಿಡಿ. ಮಾತ್ರೆ ನುಂಗಿ ಇಳಿದರೆ ಕೆಳಗಿರುವಾಗಲೇ ಅದರ ಕಸುವು ಇಳಿದು, ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳಬಹುದು. ಇನ್ಶೂರೆನ್ಸ್ ಅನ್ನು ಟಿಕೆಟ್ ಜೊತೆಗೇ ಮಾಡಿಸಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಮಾಡಿಸಿದರೆ ಅದರ ನಷ್ಟ ಸಾಮಾನ್ಯವಾಗಿ ಸಿಗುವುದಿಲ್ಲ. ಪಾಲಿಸಿಯಲ್ಲಿ ಡೈವಿಂಗ್ ಸೇರಿದೆಯಾ ಅಂತಲೂ ನೋಡಿ.

ಆರು ದಿನ ಡೈವ್ ಬೇಕಿದ್ದರೆ ಒಂಬತ್ತು ದಿನ ಇಟ್ಟುಕೊಳ್ಳಿ. ಎರಡು ದಿನ ಗಾಳಿಗೆ, ಒಂದು ದಿನ ವಿಮಾನಕ್ಕೆ. ದಿನಗಟ್ಟಲೆ ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಹಾಳಾದ ದಿನವನ್ನು ಕೊನೆಯ ದಿನ ಸರಿತೂಗಿಸೋಣ ಅಂತ ಎಲ್ಲರಿಗೂ ಆಸೆ ಆಗುತ್ತದೆ, ಬೇಡ. ವೆಟ್‌ಸೂಟ್ ಒಣಗಲೂ ಆ ದಿನ ಬೇಕು. ಆ ತೇವದ ಗಾಳಿಯಲ್ಲಿ ಒಂದೇ ದಿನಕ್ಕೆ ಒಣಗಿದರೆ ನಿಮ್ಮ ಪುಣ್ಯ.