40 ವ್ಯಾಟಿನ ಬಲ್ಬ್ 100 ವ್ಯಾಟಿನದನ್ನು ಮೀರಿಸುವುದು ಯಾವಾಗ?

ಒಳಗಿನ ತಂತಿ ಕಾದು ಬೆಳಗುತ್ತದಲ್ಲ, ಅಂಥ ಹಳೇ ಥರದ ಎರಡು ಬಲ್ಬ್ ಇವೆ ಅಂದುಕೊಳ್ಳಿ. ಒಂದು 40 ವ್ಯಾಟ್, ಇನ್ನೊಂದು 100 ವ್ಯಾಟ್. ಒಂದರಿಂದ ಹೊರಬಂದ ವೈರನ್ನು ಇನ್ನೊಂದಕ್ಕೆ ಸೇರಿಸಿ, ಎರಡಕ್ಕೂ ಒಟ್ಟಾಗಿ 230 ವೋಲ್ಟ್ ಕೊಟ್ಟರೆ ಯಾವುದು ಜಾಸ್ತಿ ಬೆಳಗುತ್ತದೆ? ಕೇಳಿದವರಲ್ಲಿ ಹೆಚ್ಚಿನವರು 100 ಅಂತಾರೆ. ಆದರೆ ಬೆಳಗುವುದು 40ರದ್ದು. 100ರ ಬಲ್ಬ್ ಹತ್ತಿದೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕು.

ಸರಣಿ ಜೋಡಣೆ ಅಂದರೆ ಇದೇ. ಇರುವುದು ಒಂದೇ ದಾರಿ. ಮೊದಲ ಬಲ್ಬ್ ಒಂದಷ್ಟು ಕರೆಂಟ್ ತಿಂದು ಮಿಕ್ಕಿದ್ದನ್ನು ಮುಂದೆ ಬಿಡುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಿದ್ದರೆ ಬಲ್ಬುಗಳ ಜಾಗ ಅದಲು ಬದಲು ಮಾಡಿದಾಗ ಬೆಳಕೂ ಬದಲಾಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಎರಡರಲ್ಲೂ ಹರಿಯುವ ಕರೆಂಟ್ ಒಂದೇ, ಸುಮಾರು 0.12 ಆಂಪಿಯರ್. ಹಂಚಿಹೋಗುವುದು ವೋಲ್ಟೇಜ್. 100ರ ಬಲ್ಬಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, 529 ಓಮ್, 40ರದ್ದು ಸುಮಾರು 1,320. ರೋಧ ಹೆಚ್ಚಿದ್ದವರಿಗೆ ವೋಲ್ಟೇಜಿನ ಪಾಲೂ ಹೆಚ್ಚು, ಹಾಗಾಗಿ 40ರ ಬಲ್ಬಿಗೆ 164 ವೋಲ್ಟ್ ಹೋಗಿ, 100ರದ್ದಕ್ಕೆ ಉಳಿಯುವುದು 66 ಮಾತ್ರ. ನಿಜದಲ್ಲಿ ಅಷ್ಟೂ ಸಿಗುವುದಿಲ್ಲ, ಯಾಕಂದರೆ ಸರಿಯಾಗಿ ಕಾಯದ ತಂತಿಯ ರೋಧ ಇನ್ನೂ ಕಮ್ಮಿಯಾಗಿಬಿಡುತ್ತದೆ.

ಸೀರಿಯಲ್ ಸೆಟ್ ಗೊತ್ತಲ್ಲ, ಅದರ ಹೆಸರಿನಲ್ಲೇ ಇದೆ ಗುಟ್ಟು. 2.5 ವೋಲ್ಟಿನ ಪುಟಾಣಿ ಬಲ್ಬ್‌ಗಳನ್ನು ಸುಮಾರು 90 ಪೋಣಿಸಿದರೆ 230 ವೋಲ್ಟ್ ಸಮನಾಗಿ ಹಂಚಿಹೋಗುತ್ತದೆ. ಒಂದು ಸುಟ್ಟರೆ ದಾರಿ ಕಡಿದು ಎಲ್ಲವೂ ಆರಬೇಕು. ಆದರೂ ಎಷ್ಟೋ ಸೆಟ್‌ಗಳಲ್ಲಿ ಹಾಗಾಗುವುದಿಲ್ಲ. ಅಂಥ ಬಲ್ಬನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಬೆಳಗುವ ತಂತಿಯ ಕೆಳಗೆ, ಎರಡು ಕಾಲುಗಳ ನಡುವೆ, ಕೂದಲಿನಂಥ ಇನ್ನೊಂದು ತಂತಿ ಸುತ್ತಿರುತ್ತದೆ. ಅದರ ಮೈಮೇಲೆ ಕರೆಂಟ್ ಹಾಯದ ತೆಳು ಲೇಪನವಿದೆ, 2.5 ವೋಲ್ಟಿಗೆ ಅದು ಜಗ್ಗುವುದಿಲ್ಲ. ಮೇಲಿನ ತಂತಿ ಕಡಿದ ಕ್ಷಣ ಎಲ್ಲೂ ಕರೆಂಟ್ ಹರಿಯುತ್ತಿಲ್ಲವಾದ್ದರಿಂದ ಬೇರೆ ಯಾವ ಬಲ್ಬೂ ವೋಲ್ಟೇಜಿನಲ್ಲಿ ಪಾಲು ಪಡೆಯುವುದಿಲ್ಲ, ಪೂರಾ 230 ವೋಲ್ಟ್ ಆ ಒಂದು ಕಡಿದ ಜಾಗದ ಮೇಲೇ ಬಂದು ಬೀಳುತ್ತದೆ. ಲೇಪನ ಒಡೆಯುತ್ತದೆ, ಸಣ್ಣ ತಂತಿ ಸೇತುವೆಯಾಗುತ್ತದೆ, ಉಳಿದವು ಮತ್ತೆ ಬೆಳಗುತ್ತವೆ. ಕೆಡುವ ಗಳಿಗೆಯಲ್ಲೇ ಕೆಲಸ ಶುರು ಮಾಡುವ ಈ ತಂತಿ ನನಗೆ ತುಂಬಾ ಇಷ್ಟ. ಹಾಗಂತ ಸುಟ್ಟ ಬಲ್ಬನ್ನು ಹಾಗೇ ಬಿಡಬಾರದು. ಸತ್ತದ್ದರ ಪಾಲಿನ ವೋಲ್ಟೇಜ್ ಉಳಿದವಕ್ಕೆ ಹೋಗಿ, ಅವು ಜಾಸ್ತಿ ಕಾದು ಬೇಗ ಸಾಯುತ್ತವೆ.

ಮನೆಯ ವೈರಿಂಗ್ ಹೀಗಲ್ಲ, ಅದು ಸಮಾಂತರ ಜೋಡಣೆ. ಪ್ರತಿಯೊಂದಕ್ಕೂ ಅದರದೇ ದಾರಿ, ಪ್ರತಿಯೊಂದಕ್ಕೂ ಪೂರ್ತಿ 230 ವೋಲ್ಟ್. ಬಾತ್‌ರೂಮಿನ ಬಲ್ಬ್ ಹೋದರೆ ಫ್ರಿಜ್ಜಿಗೆ ಏನೂ ಆಗುವುದಿಲ್ಲ. ಅದೇ ಎರಡು ಬಲ್ಬನ್ನು ಹೀಗೆ ಜೋಡಿಸಿದರೆ 100ರದ್ದು 0.43 ಆಂಪಿಯರ್ ಎಳೆದು ಚೆನ್ನಾಗಿ ಬೆಳಗುತ್ತದೆ, 40ರದ್ದು 0.17. ಎರಡೂ ಸೇರಿ ಒಟ್ಟು ರೋಧ ಎಷ್ಟು ಗೊತ್ತಾ? 378 ಓಮ್. ಎರಡರಲ್ಲಿ ಚಿಕ್ಕದಾದ 529ಕ್ಕಿಂತಲೂ ಕಮ್ಮಿ! ದಾರಿ ಹೆಚ್ಚಾದಂತೆ ಹರಿಯುವುದು ಸಲೀಸು.

ಅಪಾಯ ಇರುವುದೂ ಇಲ್ಲೇ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಸಾಕೆಟ್ ಎಷ್ಟೇ ಇರಲಿ, ಗೋಡೆಯಿಂದ ಬರುವ ವೈರ್ ಒಂದೇ. 2,000 ವ್ಯಾಟಿನ ಹೀಟರ್ 8.7 ಆಂಪಿಯರ್ ಎಳೆಯುತ್ತದೆ. ಪಕ್ಕದಲ್ಲಿ 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಚುಚ್ಚಿದರೆ 13 ಆಯಿತು. ಕರೆಂಟ್ ಒಂದೂವರೆ ಪಟ್ಟು, ವೈರಿನ ಬಿಸಿ ಎರಡೂಕಾಲು ಪಟ್ಟು, ಯಾಕಂದರೆ ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಫ್ಯೂಸನ್ನು ಸರಣಿಯಲ್ಲಿ ಹಾಕುವುದು ಅದಕ್ಕೇ. ಎಲ್ಲ ಕರೆಂಟೂ ಅದರ ಮೂಲಕವೇ ಹಾಯಬೇಕು, ಅದು ಕಡಿದರೆ ಎಲ್ಲವೂ ನಿಲ್ಲಬೇಕು.

ರಿಪೇರಿ ಮಾಡುವವರ ಹತ್ತಿರ ಒಂದು ಸೀರೀಸ್ ಬೋರ್ಡ್ ಇರುತ್ತದೆ. ಕೆಟ್ಟ ಮಿಕ್ಸಿಯನ್ನು ನೇರವಾಗಿ ಪ್ಲಗ್ಗಿಗೆ ಹಾಕದೆ, ನಡುವೆ 100 ವ್ಯಾಟಿನ ಒಂದು ಬಲ್ಬನ್ನು ಸರಣಿಯಲ್ಲಿ ಇಡುತ್ತಾರೆ. ಒಳಗೆ ಶಾರ್ಟ್ ಆಗಿದ್ದರೆ ಮಿಕ್ಸಿಯ ರೋಧ ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ, ವೋಲ್ಟೇಜೆಲ್ಲ ಬಲ್ಬಿನ ಪಾಲಿಗೆ. ಫ್ಯೂಸ್ ಹೋಗುವುದಿಲ್ಲ, ಕಿಡಿ ಹಾರುವುದಿಲ್ಲ. ಬಲ್ಬ್ ಝಗ್ಗನೆ ಪೂರ್ತಿ ಬೆಳಗುತ್ತದೆ, ರಿಪೇರಿಯವರು ಸ್ವಿಚ್ ಆರಿಸಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ.